ರಾತ್ರಿ ಕತ್ತು

ಚಿಕ್ಕತಾಯಮ್ಮನಿಗೆ ದಿಂಬು ಕಂಡರೆ ಆಗುತ್ತಿರಲಿಲ್ಲ. ಹಗಲು ಅದು ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಹತ್ತಿ ಗಂಟು. ರಾತ್ರಿ ಅದರ ಮೇಲೆ ತಲೆ ಇಟ್ಟಳೋ ಇಲ್ಲವೋ, ಹೆಡತಲೆಯ ಎಡಗಡೆ ಒಂದು ನರ ಎದ್ದು, ಬುರುಡೆ ಮೇಲೆ ಹಾದು, ಕಣ್ಣಿನ ಹಿಂದೆ ಹೋಗಿ ಕಚ್ಚಿಕೊಳ್ಳುತ್ತಿತ್ತು. ಕರೆಂಟ್ ಹೊಡೆದ ಹಾಗೆ. ಹೊಡೆದು ಬಿಡುತ್ತಿತ್ತು. ಬಿಟ್ಟಿತು ಅಂತ ಉಸಿರು ಬಿಡುವಷ್ಟರಲ್ಲಿ ಮತ್ತೆ. ಅಲ್ಲಿ ಬಾಚಣಿಗೆ ತಾಗಿಸುವ ಹಾಗಿಲ್ಲ, ಎಣ್ಣೆ ಹಚ್ಚುವ ಹಾಗಿಲ್ಲ. ತನ್ನ ಕೂದಲೇ ತನಗೆ ಭಾರ.

ಗಂಡ ರಾಮಕೃಷ್ಣಪ್ಪ ಇದ್ದಾಗಲೂ ಈ ನೋವು ಇತ್ತು. ಆದರೆ ಆಗ ಇಬ್ಬರಿದ್ದರು. ಅವನು ಎದ್ದು ಗೋಡೆಗೆ ಒರಗಿ ಕೂತು, ಇವಳ ತಲೆಯನ್ನು ತೊಡೆ ಮೇಲೆ ಎಳೆದುಕೊಂಡು, ಕತ್ತೂ ಬುರುಡೆಯೂ ಸೇರುವ ಗುಳಿಯಲ್ಲಿ ಹೆಬ್ಬೆರಳು ಊರುತ್ತಿದ್ದ. ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ ಮೇಲೆ ದುಡಿದ ಹೆಬ್ಬೆರಳು, ಮರದ ಹಾಗೆ. ಊರಿದ ಕೂಡಲೇ ಜೀವ ಹೋಗುವಂಥ ನೋವು. ಆಮೇಲೆ ನೀರು ಇಳಿದ ಹಾಗೆ ಇಳಿದುಹೋಗುತ್ತಿತ್ತು.

“ನಿನ್ನ ತಲೆ ಸ್ವಿಚ್ಚು ಇಲ್ಲೇ ಐತೆ ಕಣೆ,” ಅನ್ನುತ್ತಿದ್ದ. “ನೋಡು, ಆಫ್ ಮಾಡ್ದೆ.”

“ಹಂಗೇ ನಾನೂ ಆಫ್ ಆಗ್ಬುಟ್ರೆ?”

“ಬೆಳಗ್ಗೆ ಡಬ್ಬಿ ಕಟ್ಟೋರ್ಯಾರು? ಹಂಗೆಲ್ಲ ಆಫ್ ಆಗ್ಬ್ಯಾಡ.”

ಆಫ್ ಆದವನು ಅವನು. ಎರಡು ಸಾವಿರದ ಐದರ ಮಳೆಗಾಲದಲ್ಲಿ, ಸೆಕೆಂಡ್ ಶಿಫ್ಟಿನಲ್ಲಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಹಾರೋಹಳ್ಳಿ ಕಡೆಯಿಂದ ಗಡಿ ದಾಟಿ ತಮಿಳುನಾಡಿನ ಹೊಸೂರಿಗೆ ಬಂದವರು ಅವರು. ಮಕ್ಕಳಾಗಲಿಲ್ಲ. ಕಾಮಾಕ್ಷಮ್ಮನವರ ಮನೆ ಹಿಂದೆ ಸಾಲಾಗಿ ಕಟ್ಟಿದ ರೂಮುಗಳಲ್ಲಿ ಕೊನೆಯದು ಅವರದು. ಹೊರಗಿನ ಮಾತೆಲ್ಲ ರಾಮಕೃಷ್ಣಪ್ಪನದೇ. ರೇಷನ್ ಅಂಗಡಿ, ಔಷಧಿ ಅಂಗಡಿ, ಡಾಕ್ಟರು, ಎಲ್ಲ ಕಡೆ ಅವನೇ ತಮಿಳಲ್ಲಿ ಮಾತಾಡಿ ಮುಗಿಸುತ್ತಿದ್ದ. ಇವಳಿಗೆ ಬನ್ನಿ, ಹೋಗಿ ಅನ್ನುವ ವಾಂಗ, ಪೋಂಗ ಬಿಟ್ಟರೆ ಹೆಚ್ಚೇನೂ ಬಾರದು. ಅವನು ಇದ್ದಾನಲ್ಲ, ಕಲಿತು ಏನಾಗಬೇಕು ಅಂತ ಇದ್ದುಬಿಟ್ಟಳು. ಅವನು ಹೋದಾಗ ಅವಳ ತಮಿಳೂ ಅವನ ಜೊತೆಗೇ ಹೋಯಿತು.

ಹೆಣ ಅಂಗಳದಲ್ಲಿಟ್ಟಾಗ ಅವಳು ಕೂಗಿ ಅಳಲಿಲ್ಲ. ಅವಳ ಗಂಟಲೇ ಹಾಗೆ, ಎಲ್ಲವನ್ನೂ ಒಳಕ್ಕೆ ಎಳೆದುಕೊಳ್ಳುವುದು. ಪಕ್ಕದ ರೂಮಿನ ರುಕ್ಮಿಣಮ್ಮ, ಎದುರು ರೂಮಿನ ಶ್ಯಾಮಲಮ್ಮ ಅದನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡರು.

ತಿಥಿ ಮುಗಿದ ಮೇಲೆ ತಮ್ಮ ಬಂದು ಊರಿಗೆ ಕರೆದ. ಹೋಗಲಿಲ್ಲ. ಆ ರೂಮಿನ ಗೋಡೆಯಲ್ಲಿ, ಅವನು ಒರಗಿ ಕೂರುತ್ತಿದ್ದ ಕಡೆ, ಅವನ ತಲೆಯ ಎಣ್ಣೆ ಕರೆ ಇತ್ತು. ಅಂಗೈ ಅಗಲ. ಮದುವೆಯ ಫೋಟೋ ಒಂದಿತ್ತು, ಅದರಲ್ಲಿ ಅವನು ಯಾರೋ ಬೇರೆಯವನ ಹಾಗೆ ಕಾಣುತ್ತಿದ್ದ. ಕರೆ ಮಾತ್ರ ಅವನೇ. ಅದನ್ನು ಬಿಟ್ಟು ಎಲ್ಲಿಗೆ ಹೋಗುವುದು?

ತೊರಪಲ್ಲಿ ಕಡೆ ಒಂದು ಗುಲಾಬಿ ತೋಟದ ಶೆಡ್ಡಿಗೆ ಕೆಲಸಕ್ಕೆ ಸೇರಿದಳು. ಮುಳ್ಳು ಬಿಡಿಸುವುದು, ಕಡ್ಡಿಯ ಉದ್ದ ನೋಡಿ ಜೋಡಿಸುವುದು, ಕಟ್ಟು ಕಟ್ಟುವುದು. ಇಡೀ ದಿನ ಕತ್ತು ಬಗ್ಗಿಸಿಯೇ ಇರಬೇಕು. ಕಟ್ಟಿದ ಹೂವನ್ನು ತಣ್ಣನೆಯ ರೂಮಿಗೆ ಒಯ್ದು ಇಡಬೇಕು. ಅಲ್ಲಿಯ ಗಾಳಿ ಹೆಡತಲೆಗೇ ಬಡಿಯುತ್ತಿತ್ತು. ಫೆಬ್ರವರಿ ಬಂದರೆ ಆ ಹೂವಿಗೆ ಎಲ್ಲಿಲ್ಲದ ಅವಸರ, ಉಸಿರು ಬಿಡಲೂ ಪುರಸೊತ್ತಿಲ್ಲ. ನೋವು ಬಲಿಯಿತು.

ರಾತ್ರಿಗಳನ್ನು ಹೇಗೋ ನೂಕಿದಳು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೊಂಡಳು. ತನ್ನ ಹೆಬ್ಬೆರಳನ್ನೇ ಆ ಗುಳಿಗೆ ಊರಿ ನೋಡಿದಳು. ಕೈ ಹಿಂದಕ್ಕೆ ತಿರುಗಿಸಿದರೆ ಬೆರಳಲ್ಲಿ ಬಲವೇ ಇಲ್ಲ. ಕೊನೆಗೆ ಅವನ ಊಟದ ಡಬ್ಬಿ ಕೈಗೆ ಸಿಕ್ಕಿತು. ಗುಂಡನೆಯ ಸ್ಟೀಲು ಡಬ್ಬಿ, ಕ್ಲಿಪ್ಪು ಹಾಕಿದರೆ ಸಾರು ಒಂದು ತೊಟ್ಟೂ ಚೆಲ್ಲದು. ಅದಕ್ಕೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಕತ್ತಿನ ಕೆಳಗಿಟ್ಟು ಮಲಗುತ್ತಿದ್ದಳು. ನೀರು ಆರುವವರೆಗೆ ಹಿತ. ಆರಿದ ಮೇಲೆ ಎದ್ದು ಕೂರುವುದು. ಕೃಷ್ಣಗಿರಿ ಕಡೆ ಹೋಗುವ ಲಾರಿಗಳ ಸದ್ದು ಕೇಳುತ್ತಾ ಕೂರುವುದು. ನೋವು ಅಂದರೆ ‘ಈಗ ಹೆಂಗೈತೆ?’ ಅಂತ ಒಬ್ಬರು ಕೇಳಬೇಕು. ಕೇಳುವವರಿಲ್ಲದಿದ್ದರೆ ಹೊತ್ತೇ ಹೋಗುವುದಿಲ್ಲ.

ಕಣ್ಣು ಬಿಡಲಾಗದ ಒಂದು ಬೆಳಿಗ್ಗೆ ಕೆಲಸ ಬಿಟ್ಟು ಬಸ್ ಸ್ಟ್ಯಾಂಡ್ ಹಿಂದಿನ ಒಂದು ಸಣ್ಣ ಆಸ್ಪತ್ರೆಗೆ ಹೋದಳು. ಅವಳ ಹಿಂದೆಯೇ ಸಾಲಿನಲ್ಲಿ ಶ್ಯಾಮಲಮ್ಮ ಇದ್ದಳು, ಕೆಮ್ಮಿಗೆ ಬಂದಿದ್ದವಳು. ಶ್ಯಾಮಲಮ್ಮನ ಮನೆಮಾತು ತಮಿಳು. ನರ್ಸು ಹೊಸಬಳು, ಸೇಲಂ ಕಡೆಯವಳು, ಅವಳಿಗೆ ಕನ್ನಡ ಬಾರದು.

“ಎನ್ನಮ್ಮಾ ಪಣ್ಣುದು?” ಅಂದಳು ನರ್ಸು, ಏನಾಗ್ತಿದೆ ಅಂತ.

ಚಿಕ್ಕತಾಯಮ್ಮ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಕತ್ತು ಕಣಮ್ಮ. ರಾತ್ರಿ ಕತ್ತು,” ಅಂದಳು.

ತಮಿಳಿನಲ್ಲಿ ಕತ್ತು ಅಂದರೆ ಕಿರುಚು ಅಂತ. ಅದು ಇವಳಿಗೆ ಗೊತ್ತಿಲ್ಲ. ಕನ್ನಡದಲ್ಲಿ ಕತ್ತು ಅಂದರೆ ಕುತ್ತಿಗೆ ಅಂತ ನರ್ಸಿಗೆ ಗೊತ್ತಿಲ್ಲ. ಹಿಂದೆ ನಿಂತ ಶ್ಯಾಮಲಮ್ಮನ ಕಿವಿಗೂ ಬಿದ್ದದ್ದು ತಮಿಳಿನ ಕತ್ತೇ.

“ರಾತ್ರಿ ಕತ್ತುವೀಂಗಳಾ?” ಅಂದಳು ನರ್ಸು, ರಾತ್ರಿ ಕಿರುಚುತ್ತೀರಾ ಅಂತ.

“ಹೂಂ, ಕತ್ತು.”

“ದಿನಮುಮಾ?”

“ದಿನಾ. ನಮ್ಮನೆಯವರು ಹೋದಾಗಿಂದ ಬಾಳ ಜಾಸ್ತಿ,” ಅಂದು, ಸೆರಗು ಸರಿಸಿ ಕತ್ತನ್ನೇ ಮುಟ್ಟಿ ತೋರಿಸಿದಳು.

ನರ್ಸು ಆ ಕತ್ತು ನೋಡಿದಳು. ತಾಳಿ ಇಲ್ಲದ ಬರಿ ಕತ್ತು. “ಪಾವಂ,” ಅಂದಳು, ಪಾಪ ಅಂತ. ಒಳಗೆ ಹೋಗಿ ಡಾಕ್ಟರಿಗೆ ಹೇಳಿದಳು. ಗಂಡ ಸತ್ತಿದ್ದಾನೆ, ರಾತ್ರಿಯೆಲ್ಲ ಕಿರುಚುತ್ತಾಳಂತೆ. ಡಾಕ್ಟರು ಚಿಕ್ಕತಾಯಮ್ಮನ ಮುಖವನ್ನು ಒಂದು ಸಲ ನೋಡಿದರು, ಕತ್ತನ್ನು ಮುಟ್ಟಲಿಲ್ಲ. ನಿದ್ದೆ ಮಾತ್ರೆ ಬರೆದುಕೊಟ್ಟರು.

ನುಂಗಿದರೆ ನಿದ್ದೆ ಬಂತು. ನೋವು ಹೋಗಲಿಲ್ಲ. ನಿದ್ದೆಯ ಕೆಳಗೆ ನೋವು ಎದ್ದೇ ಇರುತ್ತಿತ್ತು. ಬಾವಿಗೆ ಬಿದ್ದು ಮೇಲಕ್ಕೆ ಬರಲಾಗದವರ ಹಾಗೆ ಒದ್ದಾಡಿ ಬೆಳಗು ಮಾಡುತ್ತಿದ್ದಳು.

ಅಷ್ಟರಲ್ಲಿ ಮಾತು ರೂಮಿನ ಸಾಲನ್ನೆಲ್ಲ ಸುತ್ತಿ ಬಂದಿತ್ತು.

“ನನ್ನ ಕಿವಿಯಾರೆ ಕೇಳ್ದೆ, ಅವಳೇ ಒಪ್ಕೊಂಡ್ಳು,” ಅಂದಳು ಶ್ಯಾಮಲಮ್ಮ ನಲ್ಲಿ ಹತ್ತಿರ.

“ನಂಗೂ ಕೇಳ್ಸಿತ್ತು ಕಣೆ. ನಾಯಿ ಅಂದ್ಕೊಂಡಿದ್ದೆ,” ಅಂದಳು ರುಕ್ಮಿಣಮ್ಮ. “ಹೆಣದ ಮುಂದೆ ಅಳ್ಲಿಲ್ಲ ನೋಡು, ಎಲ್ಲಾ ಒಳಗೇ ಇಟ್ಕೊಂಡ್ಳು. ಈಗ ಹೊರಗೆ ಬತ್ತಾ ಐತೆ.”

ಚಿಕ್ಕತಾಯಮ್ಮ ಕೊಡ ಹಿಡಿದು ಬಂದರೆ ಮಾತು ನಿಲ್ಲುತ್ತಿತ್ತು. ರುಕ್ಮಿಣಮ್ಮನ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ನೇತುಬಿತ್ತು.

ಒಂದು ಭಾನುವಾರ ಮನೆ ಒಡತಿ ಕಾಮಾಕ್ಷಮ್ಮ ಬಂದರು. ಹೊಸೂರಲ್ಲೇ ಹುಟ್ಟಿ ಬೆಳೆದವರು, ಕನ್ನಡ, ತಮಿಳು, ತೆಲುಗು ಮೂರೂ ಬಲ್ಲವರು. ಸುತ್ತಿ ಬಳಸಿ ಮಾತಾಡುವವರಲ್ಲ.

“ಚಿಕ್ಕತಾಯಿ, ನೀನು ರಾತ್ರಿ ಕಿರುಚ್ತೀಯಂತೆ. ಮಕ್ಕಳು ಹೆದರ್ತವೆ ಅಂತ ಎಲ್ರೂ ಬಂದು ಹೇಳಿದ್ರು.”

“ನಾನಾ? ಯಾರಂದೋರು ಅಮ್ಮಾವ್ರೆ?”

“ಆಸ್ಪತ್ರೇಲಿ ನೀನೇ ಹೇಳಿದ್ಯಂತಲ್ಲ. ನೋಡು, ಒಂದಷ್ಟು ದಿನ ತಮ್ಮನ ಮನೇಲಿರು. ಯುಗಾದಿಗೆ ಹೇಗೂ ಈ ರೂಮಿಗೆ ಸುಣ್ಣ ಹೊಡೆಸ್ಬೇಕು. ಆಮೇಲೆ ನೋಡೋಣ.”

ಆಮೇಲೆ ನೋಡೋಣ ಅಂದರೆ ಏನು ಅಂತ ಚಿಕ್ಕತಾಯಮ್ಮನಿಗೆ ಗೊತ್ತು. ಗೋಡೆ ಕಡೆ ನೋಡಿದಳು. ಸುಣ್ಣದ ಬ್ರಷ್ಷು ಒಂದು ಸಲ ಆಡಿದರೆ ಸಾಕು, ಅಲ್ಲಿ ಏನೂ ಇರುವುದಿಲ್ಲ.

ನಾನು ಕಿರುಚಿಲ್ಲ ಅನ್ನಬೇಕಿತ್ತು. ಆದರೆ ಕಿರುಚುತ್ತೀನೋ ಏನೋ, ಯಾರಿಗೆ ಗೊತ್ತು? ಮಾತ್ರೆ ನುಂಗಿ ಮಲಗುವವಳು. ನಿದ್ದೆಯಲ್ಲಿ ಏನು ಮಾಡಿದೆ ಅಂತ ಹೇಳಲು ಪಕ್ಕದಲ್ಲಿ ಒಬ್ಬರಿರಬೇಕು. ‘ರಾತ್ರಿ ಗೊರಕೆ ಹೊಡೆದೆ’ ಅಂತ ಅವನು ಆಡಿಕೊಳ್ಳುತ್ತಿದ್ದ. ಈಗ ಅವಳ ನಿದ್ದೆಗೆ ಸಾಕ್ಷಿ ಯಾರೂ ಇಲ್ಲ.

“ಇನ್ಮೇಲೆ ಸದ್ದು ಬರಲ್ಲ ಅಮ್ಮಾವ್ರೆ. ಯುಗಾದಿವರೆಗೂ ನೋಡಿ,” ಅಂದಳು.

ಮಾತ್ರೆ ಎಸೆದಳು. ಮಲಗುವ ಮುಂಚೆ ಡಬ್ಬಿಗೆ ಸುತ್ತುವ ಟವೆಲನ್ನು ಬಾಯಿಗೆ ಕಟ್ಟಿಕೊಳ್ಳತೊಡಗಿದಳು. ಗಂಟು ಹೆಡತಲೆಗೆ ಬರುತ್ತಿತ್ತು, ಸರಿಯಾಗಿ ನೋವಿನ ಮೇಲೇ. ಸಡಿಲ ಮಾಡಿದರೆ ಸದ್ದು ಹೊರಗೆ ಹೋದೀತು. ಬಿಗಿಯಾಗೇ ಕಟ್ಟಿಕೊಂಡಳು.

ಯುಗಾದಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಕಾಮಾಕ್ಷಮ್ಮ ಸುಣ್ಣದವನಿಗೆ ಹೇಳುವ ಮುಂಚೆ ಗೋಡೆ ನೋಡಿಕೊಂಡು ಹೋಗೋಣ ಅಂತ ಬಂದರು. ಬಾಗಿಲು ತಳ್ಳಿದರೆ ಚಿಕ್ಕತಾಯಮ್ಮ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದಳು. ಬಾಯಿಗೆ ಟವೆಲ್ಲು.

“ಏನೇ ಇದು!” ಅಂತ ಓಡಿಬಂದು ಬಿಚ್ಚಿದರು. ಕೆನ್ನೆ ಮೇಲೆ ಬಟ್ಟೆಯ ಬರೆ ಎದ್ದಿತ್ತು.

“ಸದ್ದು ಬರಬಾರ್ದು ಅಂತ.”

ಕಾಮಾಕ್ಷಮ್ಮ ಎದುರಿಗೇ ಕೂತರು. “ಆಸ್ಪತ್ರೇಲಿ ಏನಂದೆ ನೀನು? ಹೇಳಿದ ಹಾಗೇ ಹೇಳು.”

“ಕತ್ತು ಅಂದೆ. ರಾತ್ರಿ ಕತ್ತು ಅಂದೆ. ದಿನಾ ಕತ್ತು ಅಂದೆ.”

“ಕತ್ತು ಅಂದ್ರೆ?”

“ಕತ್ತು ಅಂದ್ರೆ ಏನಮ್ಮಾವ್ರೆ, ಕತ್ತು!” ಅಂತ ಹೆಡತಲೆಗೆ ಒಂದು ಬಡಿದುಕೊಂಡಳು. ಬಡಿದ ಏಟಿಗೆ ನರ ಸಿಡಿಯಿತು, ಹಲ್ಲು ಕಚ್ಚಿಕೊಂಡಳು.

ಕಾಮಾಕ್ಷಮ್ಮನವರಿಗೆ ನಗು ಬಂದುಬಿಟ್ಟಿತು. “ಅಯ್ಯೋ ಮುಂ...” ಅಂದವರು ನಾಲಿಗೆ ಕಚ್ಚಿಕೊಂಡರು. ತಮಿಳಿನ ಕತ್ತು ಏನು ಅಂತ ಬಿಡಿಸಿ ಹೇಳಿದರು. ಚಿಕ್ಕತಾಯಮ್ಮನಿಗೆ ನಗು ಬರಲಿಲ್ಲ. ಹಾಗಾದರೆ ನಾನು ಕಿರುಚಿಲ್ಲ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅವತ್ತೇ ಕಾಮಾಕ್ಷಮ್ಮ ಅವಳನ್ನು ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ತಾವೇ ತಮಿಳಲ್ಲಿ ಎಲ್ಲ ಹೇಳಿದರು. ಆ ಡಾಕ್ಟರು ಎದ್ದು ಬಂದು, ಹಿಂದೆ ನಿಂತು, ಕತ್ತೂ ಬುರುಡೆಯೂ ಸೇರುವ ಗುಳಿ ಹುಡುಕಿ ಹೆಬ್ಬೆರಳು ಊರಿದರು.

ಚಿಕ್ಕತಾಯಮ್ಮ ಕಿರುಚಿದಳು. ಜೀವಮಾನದಲ್ಲಿ ಅಷ್ಟು ಜೋರಾಗಿ ಕಿರುಚಿರಲಿಲ್ಲ. ಹೊರಗೆ ಕೂತವರೆಲ್ಲ ಎದ್ದು ಬಂದು ಇಣುಕಿದರು.

“ಇಪ್ಪತಾನ್ ಕತ್ತಿನಾ,” ಅಂದರು ಕಾಮಾಕ್ಷಮ್ಮ. ಈಗ ಕಿರುಚಿದಳು ನೋಡಿ ಅಂತ. ಡಾಕ್ಟರೂ ನಕ್ಕರು. ಚಿಕ್ಕತಾಯಮ್ಮನ ಕಣ್ಣಿಂದ ನೀರು ಸುರಿಯುತ್ತಿತ್ತು, ನಿಲ್ಲಿಸಲು ಆಗಲಿಲ್ಲ. ಜಾಗ ಅದೇ. ಬೆರಳು ಮೆತ್ತಗಿತ್ತು.

ನರ ಒತ್ತಿಕೊಂಡಿದೆ ಅಂದರು. ಅದಕ್ಕೆ ಬೇರೆ ಮಾತ್ರೆ ಕೊಟ್ಟರು, ಬಗ್ಗಬೇಡ ಅಂದರು. ಶೆಡ್ಡಿನ ಮೇಸ್ತ್ರಿ ಅಂಜನಪ್ಪ ಗೊಣಗುತ್ತಲೇ ಅವಳ ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ. ನೋವು ಅರ್ಧ ಇಳಿಯಿತು. ಅರ್ಧ ಉಳಿಯಿತು. ರುಕ್ಮಿಣಮ್ಮ ನಿಂಬೆಹಣ್ಣು ಬಿಚ್ಚಿ ಎಸೆದು, “ಹಂಗಾದ್ರೆ ನಾನು ಕೇಳಿದ್ದು ನಾಯೀನೇ ಬಿಡು,” ಅಂದಳು.

ಸುಣ್ಣದವನು ಬಂದ ದಿನ ಕಾಮಾಕ್ಷಮ್ಮ ಬಾಗಿಲಲ್ಲಿ ನಿಂತು, “ನೀನು ಎಲ್ಲಿಗೂ ಹೋಗ್ಬೇಡ. ಇಲ್ಲೇ ಇರು. ನಿನ್ನ ರೂಮೂ ಬೆಳ್ಳಗೆ ಮಾಡಿಸಿಕೊಡ್ತೀನಿ,” ಅಂದರು.

“ಈ ಗೋಡೆ ಒಂದು ಬಿಡ್ಸಿ ಅಮ್ಮಾವ್ರೆ.”

“ಕೊಳಕಾಗಿರೋದೇ ಅದು. ಅದನ್ನೇ ಬಿಡು ಅಂತೀಯಲ್ಲೇ!”

ಚಿಕ್ಕತಾಯಮ್ಮ ಕರೆಯ ಅಂಚನ್ನು ಬೆರಳಲ್ಲಿ ಮುಟ್ಟಿದಳು. ಕಾಮಾಕ್ಷಮ್ಮ ಗೋಡೆ ನೋಡಿದರು. ಕರೆ ನೋಡಿದರು. ಸುಣ್ಣದವನಿಗೆ ಉಳಿದ ಗೋಡೆಗಳನ್ನು ತೋರಿಸಿ ಹೊರಟುಹೋದರು.

ಆ ರಾತ್ರಿ ರೂಮೆಲ್ಲ ಹಸಿ ಸುಣ್ಣದ ವಾಸನೆ. ಡಬ್ಬಿಯ ನೀರು ಆರಿತು. ಚಿಕ್ಕತಾಯಮ್ಮ ಎದ್ದು ಗೋಡೆಗೆ ಒರಗಿ ಕೂತಳು. ರಾಮಕೃಷ್ಣಪ್ಪ ಎತ್ತರದ ಆಳು. ಕರೆ ಅವಳ ತಲೆಗಿಂತ ಮೇಲಿತ್ತು. ಮೂಲೆಯಲ್ಲಿ ಬಿದ್ದಿದ್ದ ದಿಂಬು ಎಳೆದು, ಕೆಳಗೆ ಹಾಕಿಕೊಂಡು ಕೂತು ನೋಡಿದಳು. ಈಗ ಹೆಡತಲೆ ಸರಿಯಾಗಿ ಅಲ್ಲಿಗೇ ತಾಗಿತು. ತಾಗಿದ ಕೂಡಲೇ ನರ ಹೊಡೆಯಿತು. ಅವಳು ತಲೆ ತೆಗೆಯಲಿಲ್ಲ.