ಕೊನೆಯ ಮನೆಯ ವೋಲ್ಟೇಜು

೨೦೦೫ನೇ ಇಸವಿ. ಆಗ ನಾನು ಶ್ರೀನಿವಾಸಪುರದಲ್ಲಿ ಪಂಚಾಯತಿಗಳ ವಿದ್ಯುತ್ ಕಾಮಗಾರಿಗಳನ್ನು ನೋಡಿಕೊಳ್ಳುವ ಸಹಾಯಕ ಎಂಜಿನಿಯರ್ ಆಗಿದ್ದೆ. ಮುಳಬಾಗಿಲಿನವನಾದ ನನಗೆ ಈ ಪೋಸ್ಟಿಂಗ್ ಸಿಕ್ಕಾಗ ಮನೆಯಲ್ಲಿ ಎಲ್ಲರೂ ಹಿಗ್ಗಿದ್ದರು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದಿತ್ತು. ನಮ್ಮದು ತಲೆಮಾರುಗಳಿಂದ ಲೆಕ್ಕ ಬರೆದುಕೊಂಡು ಬಂದ ಮನೆತನ. ಲೆಕ್ಕ ಸರಿಯಿದ್ದರೆ ಲೋಕವೂ ಸರಿಯಿದೆ ಎಂದು ನಂಬಿ ಬೆಳೆದವನು ನಾನು. ಆ ನಂಬಿಕೆ ಅಲ್ಲಾಡಿದ್ದು ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ. ಊರಿನ ಹೆಸರನ್ನೂ ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಊರನ್ನು ಚಿಂತಕುಂಟೆ ಎಂದು ಕರೆಯೋಣ.

ನಾನು ಹೋಗುವುದಕ್ಕೆ ಒಂದು ವರ್ಷ ಮೊದಲೇ ಚಿಂತಕುಂಟೆಯ ಪಂಚಾಯತಿ ಒಂದು ಸಾಮೂಹಿಕ ಸೌರ ಘಟಕವನ್ನು ಹಾಕಿಸಿತ್ತು. ಇಂದಿನ ಹಾಗೆ ಮನೆ ಮನೆಯ ಮಾಳಿಗೆ ಮೇಲೆ ಸೋಲಾರ್ ಪ್ಯಾನೆಲ್ ಕಾಣುತ್ತಿದ್ದ ಕಾಲ ಅದಲ್ಲ. ಸಮುದಾಯ ಭವನದ ತಾರಸಿಯ ಮೇಲೆ ಪ್ಯಾನೆಲ್‌ಗಳು, ಕೆಳಗಿನ ಕೋಣೆಯಲ್ಲಿ ಬ್ಯಾಟರಿಗಳು. ಹಗಲೆಲ್ಲ ಬಿಸಿಲಿನಿಂದ ಬ್ಯಾಟರಿ ತುಂಬಿಕೊಳ್ಳುತ್ತಿತ್ತು. ಸಂಜೆ ಅಲ್ಲಿಂದ ಪ್ರತ್ಯೇಕ ತಂತಿಯಲ್ಲಿ ಊರಿನ ಅರವತ್ತು ಚಿಲ್ಲರೆ ಮನೆಗಳಿಗೂ ಕರೆಂಟು ಹೋಗಿ, ಒಂದೊಂದು ಮನೆಯಲ್ಲೂ ಎರಡು ದೀಪ ಮತ್ತು ಒಂದು ಸಣ್ಣ ಫ್ಯಾನು ನಡೆಯುತ್ತಿದ್ದವು. ಮಾಮೂಲಿ ಕರೆಂಟಿನ ಮೀಟರು ಸಂಜೆ ಹೊತ್ತು ತಿರುಗದೆ ಇದ್ದರೆ ಮನೆಯ ಬಿಲ್ಲು ಇಳಿಯುತ್ತದೆ. ಅದೇ ಯೋಜನೆಯ ಗುರಿ. ನಿರ್ವಹಣೆಗೆಂದು ಪ್ರತಿ ಮನೆಯೂ ಪಂಚಾಯತಿಗೆ ತಿಂಗಳಿಗಿಷ್ಟು ಎಂದು ಸಣ್ಣ ವಂತಿಗೆ ಕಟ್ಟಬೇಕಿತ್ತು.

ಈ ಪ್ರಯೋಗ ಗೆದ್ದರೆ ಅಕ್ಕಪಕ್ಕದ ಹಳ್ಳಿಗಳಿಗೂ ಅದನ್ನು ವಿಸ್ತರಿಸುವ ಆಲೋಚನೆ ಮೇಲಿನವರಿಗಿತ್ತು. ಗೆದ್ದಿದೆಯೋ ಇಲ್ಲವೋ ಎಂದು ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಊರಿನ ಬಿಲ್ಲುಗಳನ್ನು ತರಿಸಿ ನೋಡಿದೆ. ಸರಾಸರಿ ಲೆಕ್ಕದಲ್ಲಿ ಬಿಲ್ಲು ಚೆನ್ನಾಗಿಯೇ ಇಳಿದಿತ್ತು. ಆದರೆ ಊರಿನ ಕೆಳಗಿನ ಕೇರಿಯ ಮನೆಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅವರು ವಂತಿಗೆಯನ್ನೂ ಕಟ್ಟುತ್ತಿದ್ದರು, ಮೊದಲಿನ ಬಿಲ್ಲನ್ನೂ ಕಟ್ಟುತ್ತಿದ್ದರು.

ನನ್ನ ಮೇಲಧಿಕಾರಿ ಒಳ್ಳೆಯವರೇ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸರಾಸರಿ ಇಳಿದಿದೆಯಲ್ಲ, ಹಾಗೇ ಬರೆದುಬಿಡಿ. ವಿಸ್ತರಣೆ ಆಗಲಿ, ನಾಲ್ಕು ಊರಿಗೆ ಒಳ್ಳೆಯದಾಗುತ್ತೆ" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಆದರೂ ಒಂದು ಸಲ ಊರಿಗೆ ಹೋಗಿಬರುತ್ತೇನೆ ಎಂದೆ.

ಪಂಚಾಯತಿಯ ಅಧ್ಯಕ್ಷೆ ಮುನಿರತ್ನಮ್ಮ ಕೆಳಗಿನ ಕೇರಿಯವರೇ. ಮೀಸಲು ಸ್ಥಾನದಿಂದ ಗೆದ್ದು ಬಂದವರು. ಅದಕ್ಕೆ ಮೊದಲು ಪ್ರತಿ ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಹಣ್ಣು ಆರಿಸಿ ಕ್ರೇಟಿಗೆ ತುಂಬುವ ಕೆಲಸ ಮಾಡುತ್ತಿದ್ದರು. ಕಾಗದವನ್ನು ನಿಧಾನವಾಗಿ ಓದುತ್ತಿದ್ದರು. ಪೂರ್ತಿ ಓದದೆ ಸಹಿ ಹಾಕುತ್ತಿರಲಿಲ್ಲ. ಕೇರಿಯಲ್ಲಿ ಸೌರ ದೀಪಗಳು ಮಂಕಾಗಿ ಉರಿಯುವುದನ್ನು ನೋಡಿಬಂದು ಆ ವಿಷಯವನ್ನು ನಾನಾಗಿ ಎತ್ತಿದೆ.

"ನಿಮಗೆ ಗೊತ್ತಿತ್ತಲ್ಲಮ್ಮ, ಯಾಕೆ ಹೇಳಲಿಲ್ಲ?"

"ನಮ್ಮ ಮನೆ ದೀಪಾನೂ ಮಂಕೇ ಸಾರ್. ಗೊತ್ತಿಲ್ದೆ ಏನು? ನಾನು ಬಾಯ್ಬಿಟ್ರೆ ಕೇರಿಯೋಳು ಕೇರಿಗೆ ಎಳ್ಕೋತಾಳೆ ಅಂತಾರೆ. ಬ್ಯಾರೆಯೋರು ಯಾರಾದ್ರೂ ಹೇಳ್ಲಿ ಅಂತ ಕಾಯ್ತಿದ್ದೆ."

ಕಾರಣ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಸಮುದಾಯ ಭವನ ಇದ್ದದ್ದು ಊರಿನ ಮೇಲ್ತುದಿಯಲ್ಲಿ, ಪಂಚಾಯತಿ ಸದಸ್ಯ ರಾಮಿರೆಡ್ಡಿಯವರ ಮನೆಯ ಪಕ್ಕ. ಅಲ್ಲಿಂದ ಹೊರಟ ತಂತಿ ಇಳಿಜಾರಿನಲ್ಲಿ ಊರೆಲ್ಲ ಹಾದು ಕೊನೆಗೆ ಕೇರಿಗೆ ಮುಟ್ಟುತ್ತಿತ್ತು. ಬ್ಯಾಟರಿಯಿಂದ ಬರುವ ಕಡಿಮೆ ವೋಲ್ಟೇಜಿನ ಕರೆಂಟು ತಂತಿಯಲ್ಲಿ ದೂರ ಹೋದಷ್ಟೂ ಸೊರಗುತ್ತದೆ. ನಾವು ಅದನ್ನು ವೋಲ್ಟೇಜ್ ಡ್ರಾಪ್ ಎನ್ನುತ್ತೇವೆ. ನಮ್ಮ ಕಡೆಯವರಿಗೆ ಕೆರೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ತೂಬಿನ ಪಕ್ಕದ ಗದ್ದೆಗೆ ನೀರು ತುಂಬಿ ತುಳುಕುತ್ತದೆ, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಕಾಲುವೆಯ ತೇವ ಮಾತ್ರ. ನನ್ನ ಮೀಟರು ಮೇಲಿನ ಮನೆಗಳಲ್ಲಿ ತೋರಿಸಿದ ವೋಲ್ಟೇಜಿನ ಮುಕ್ಕಾಲು ಭಾಗವೂ ಕೊನೆಯ ಮನೆಯಲ್ಲಿ ಇರಲಿಲ್ಲ.

ಆ ಕೊನೆಯ ಮನೆ ಎಲ್ಲಮ್ಮನದು. ಆಕೆ ಸಂಜೆ ಕೂತು ಕನಕಾಂಬರ ಕಟ್ಟಿ, ಬೆಳಗಿನ ಮೊದಲ ಬಸ್ಸಿಗೆ ಕೋಲಾರಕ್ಕೆ ಕಳಿಸಿ ಜೀವನ ಮಾಡುತ್ತಿದ್ದಳು. ಸೌರ ದೀಪದಲ್ಲಿ ಹೂವು ಕಾಣದೆ ಮಾಮೂಲಿ ಬಲ್ಬು ಹಾಕಿಕೊಳ್ಳುತ್ತಿದ್ದಳು. ಅವಳ ಬಿಲ್ಲು ಇಳಿಯದಿದ್ದದ್ದು ಅದಕ್ಕೇ.

ದಪ್ಪ ತಂತಿ ಎಳೆಯಲು ಅನುದಾನ ಇರಲಿಲ್ಲ. ಮೇಲಧಿಕಾರಿಗಳೇ ಇನ್ನೊಂದು ದಾರಿ ಸೂಚಿಸಿದರು: ಪ್ಯಾನೆಲ್‌ಗಳನ್ನೂ ಬ್ಯಾಟರಿಗಳನ್ನೂ ಎರಡು ಪಾಲು ಮಾಡಿ, ಕೇರಿಗೆ ಬೇರೆಯದೇ ಒಂದು ಸಣ್ಣ ಘಟಕ ಹಾಕಿಬಿಡುವುದು. ತಾಂತ್ರಿಕವಾಗಿ ಅದರಲ್ಲಿ ಕುಂದಿರಲಿಲ್ಲ. ನಕ್ಷೆ ಬರೆದುಕೊಂಡು ಹೋಗಿ ಅಧ್ಯಕ್ಷೆಯ ಮುಂದೆ ಬಿಚ್ಚಿದೆ. ಅವರು ಬೆರಳಿಟ್ಟು ಒಂದೊಂದೇ ಗೆರೆ ನೋಡಿದರು.

"ಇಲ್ಲಿಂದ ಅಲ್ಲಿಗೆ ತಂತಿ ಇರಲ್ವಾ?"

"ಬೇಕಾಗೋದಿಲ್ಲ. ಅದೇ ಬೇರೆ, ಇದೇ ಬೇರೆ."

"ಸಾರ್, ನಮ್ಮೂರಲ್ಲಿ ನೀರಿಗೆ ಎರಡು ತೊಟ್ಟಿ ಅವೆ. ಅದನ್ನ ನಾನು ಹುಟ್ಟೋಕೆ ಮುಂಚೇನೇ ಯಾರೋ ಕಟ್ಟವ್ರೆ. ಈಗ ಬೆಳಕಿಗೂ ಎರಡು ಮಾಡಿ, ಅದಕ್ಕೆ ನನ್ನ ಕೈಲಿ ಸೈನು ಹಾಕಿಸ್ತೀರಾ?"

ನಾನು ನಕ್ಷೆ ಮಡಚಿದೆ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯಾಚೆ ಮಾವಿನ ತೋಪುಗಳು ಹಾದುಹೋಗುತ್ತಿದ್ದವು. ಎಂಜಿನಿಯರಿಂಗ್‌ನಲ್ಲಿ ಉತ್ತರ ಸರಿಯಿದ್ದು ಪ್ರಶ್ನೆಯೇ ತಪ್ಪಾಗಿರಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಉಳಿದದ್ದು ಒಂದೇ ದಾರಿ. ಲೋಡ್ ಸೆಂಟರ್ ಎಂಬ ಮಾತಿದೆ; ಎಲ್ಲ ಮನೆಗಳ ಬಳಕೆಯನ್ನೂ ತೂಗಿ ನೋಡಿದರೆ ಸಿಗುವ ನಟ್ಟನಡುವಿನ ಜಾಗ. ಘಟಕ ಅಲ್ಲಿದ್ದರೆ ಯಾವ ತುದಿಗೂ ತಂತಿ ಅತಿ ಉದ್ದವಾಗುವುದಿಲ್ಲ. ಅಳತೆ ಪಟ್ಟಿ ಹಿಡಿದು ಬೀದಿ ಬೀದಿ ಅಳೆದೆ. ಚಿಂತಕುಂಟೆಯಲ್ಲಿ ಆ ಜಾಗ ಅಂಗನವಾಡಿ ಕಟ್ಟಡದ ಹತ್ತಿರ ಬಂತು. ಆ ಕಟ್ಟಡ ಇದ್ದದ್ದು ಕೇರಿಯ ಬಾಯಲ್ಲಿ. ಇರುವ ಪ್ಯಾನೆಲ್, ಇರುವ ತಂತಿ, ಸಾಗಿಸುವ ಕೂಲಿ. ಹೆಚ್ಚಿನ ಖರ್ಚೇನೂ ಇಲ್ಲ. ಆದರೆ ಊರಿನ ಎಲ್ಲ ಮನೆಗಳ ಬೆಳಕೂ ಕೇರಿಯಿಂದ ಹೊರಡಬೇಕಾಗುತ್ತಿತ್ತು.

ರಾಮಿರೆಡ್ಡಿ ಪಂಚಾಯತಿಯ ಹಿರಿಯ ಸದಸ್ಯರು, ದೊಡ್ಡ ಮಾವಿನ ತೋಟದ ಯಜಮಾನರು. ಅವರು ಒಪ್ಪದೆ ಉಳಿದ ಸದಸ್ಯರು ಕೈ ಎತ್ತುತ್ತಿರಲಿಲ್ಲ. ರೆಡ್ಡಿಯವರು ಕೆಟ್ಟ ಮಾತು ಆಡುವ ಮನುಷ್ಯರಲ್ಲ. ನನಗೆ ಕಾಫಿ ತರಿಸಿಕೊಟ್ಟು, "ಎಂಜಿನಿಯರ್‌ಗಾರು, ಕರೆಂಟು ಮೇಲಿಂದ ಕೆಳಕ್ಕೆ ಬರೋದು ನೋಡಿದೀನಿ. ಕೇರಿಯಿಂದ ಊರಿಗೆ ಹತ್ತೋದು ಎಲ್ಲಾದ್ರೂ ಉಂಟಾ?" ಎಂದರು.

"ಕರೆಂಟಿಗೆ ಮೇಲು ಕೆಳಗು ಇಲ್ಲ ರೆಡ್ಡಿಯವರೆ."

"ಜನಕ್ಕೆ ಉಂಟಲ್ಲಪ್ಪಾ. ಮತ್ತೆ ಅಲ್ಲಿ ದೀಪ ಮಂಕು ಅಂತ ನೀವು ಹೇಳ್ತೀರ. ನಾನಂತೂ ನೋಡಿಲ್ಲ."

ಈ ಮಾತು ಮುನಿರತ್ನಮ್ಮನ ಕಿವಿಗೆ ಬಿತ್ತು. ಮುಂದಿನ ಗ್ರಾಮಸಭೆಯನ್ನು ಅವರು ಸಮುದಾಯ ಭವನದಲ್ಲಿ ಕರೆಯಲಿಲ್ಲ. ಕೇರಿಯ ಕೊನೆಯಲ್ಲಿ, ಎಲ್ಲಮ್ಮನ ಮನೆಯ ಮುಂದಿನ ಬಯಲಿನಲ್ಲಿ, ದೀಪ ಹಚ್ಚುವ ಹೊತ್ತಿಗೆ ಎಂದು ಡಂಗುರ ಹೊಡೆಸಿದರು. ಬರುತ್ತಾರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಕುತೂಹಲಕ್ಕೆ ಇಡೀ ಊರೇ ಬಂತು. ರಾಮಿರೆಡ್ಡಿಯವರೂ ಬಂದರು. ಅಷ್ಟು ವರ್ಷ ಆ ಊರಲ್ಲಿ ಬಾಳಿದವರು ಆ ಬೀದಿಯ ಕೊನೆಯವರೆಗೆ ನಡೆದದ್ದು ಅದೇ ಮೊದಲು ಎಂದು ಪಕ್ಕದಲ್ಲಿದ್ದವರು ಪಿಸುಗುಟ್ಟಿದರು. ಅವರಿಗೆಂದು ಒಂದು ಮಂಚ ಹಾಕಿದ್ದರು. ಅದರ ಅಂಚಿನಲ್ಲಿ ಕೂತರು.

ಎಲ್ಲಮ್ಮ ಹೋಗಿ ಜಗಲಿಯ ಸೌರ ದೀಪದ ಸ್ವಿಚ್ಚು ಒತ್ತಿದಳು. ದೀಪ ಝಗ್ಗನೆ ಹೊತ್ತಿಕೊಂಡಿತು. ಮಂಕು ಎಂಬುದರ ಸುಳಿವೇ ಇಲ್ಲ.

ಜನ ಗೊಳ್ಳೆಂದು ನಕ್ಕರು. ರಾಮಿರೆಡ್ಡಿ ನನ್ನತ್ತ ತಿರುಗಿ, "ಬಾಗಾ ಉರೀತೈತಲ್ಲ ಸಾರ್, ನಮ್ಮ ಮನೆಗಿಂತ ಚೆನ್ನಾಗೈತೆ!" ಎಂದರು.

ಒಂದು ಕ್ಷಣ ಬಿಟ್ಟು ನನಗೆ ಕಾರಣ ಹೊಳೆಯಿತು. ಊರೆಲ್ಲ ಇಲ್ಲಿ ಕೂತಿದೆ; ಮನೆಗಳಲ್ಲಿ ದೀಪ ಹಚ್ಚುವವರೇ ಇಲ್ಲ. ದಾರಿಯಲ್ಲಿ ಯಾರೂ ಕುಡಿಯದಿದ್ದರೆ ಕೊನೆಯ ಗದ್ದೆಗೂ ನೀರು ಬರುತ್ತದೆ. ಇದನ್ನು ವಿವರಿಸಲು ಎದ್ದು ನಿಂತು ಆಂಪಿಯರು, ಲೋಡು ಎಂದು ಶುರು ಮಾಡಿದೆ. ಮುನಿರತ್ನಮ್ಮ ನನ್ನ ತೋಳು ಮುಟ್ಟಿ ತಡೆದರು.

"ನೀವು ಸುಮ್ನಿರಿ ಸಾರ್. ಎಲ್ರೂ ಮನೆಗೆ ಹೋಗ್ರಪ್ಪಾ, ಸಭೆ ಆಮೇಲೆ. ಹೋಗಿ ದಿನಾ ಹಾಕೋ ಹಂಗೆ ದೀಪ, ಫ್ಯಾನು ಹಾಕ್ಕೊಳ್ರಿ. ರೆಡ್ಡಿಗಾರು ಒಬ್ರು ಇಲ್ಲೇ ಕೂತಿರ್ಲಿ."

ಜನ ನಗುತ್ತ, ಗೊಣಗುತ್ತ ಎದ್ದು ಹೋದರು. ಬಯಲಿನಲ್ಲಿ ನಾವು ನಾಲ್ವರು ಉಳಿದೆವು. ಎಲ್ಲಮ್ಮ ಹೂವಿನ ಮೊರ ತಂದು ದೀಪದ ಕೆಳಗೆ ಕೂತು ಕಟ್ಟತೊಡಗಿದಳು. ಇಳಿಜಾರಿನ ಮೇಲೆ ಒಂದೊಂದೇ ಕಿಟಕಿ ಬೆಳಗಿತು. ಅಲ್ಲಿ ಒಂದು ಬೆಳಗಿದಾಗಲೆಲ್ಲ ಇಲ್ಲಿಯ ದೀಪ ಒಂದು ಗುಟುಕು ಕಳೆದುಕೊಂಡಂತೆ ಕುಗ್ಗಿತು. ಬಿಳಿ ಬೆಳಕು ಹಳದಿಯಾಯಿತು, ಆಮೇಲೆ ಕಂದಿತು. ಎಲ್ಲಮ್ಮ ಹೂವನ್ನು ಕಣ್ಣಿನ ಹತ್ತಿರ ಹಿಡಿದಳು. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ ಸುಮ್ಮನೆ ಕೂತಳು.

ರಾಮಿರೆಡ್ಡಿ ದೀಪವನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ತಲೆ ಎತ್ತಿ ಊರಿನ ಕಡೆ ನೋಡಿದರು. ಎತ್ತರದಲ್ಲಿ ಒಂದು ಮನೆ ಮದುವೆ ಮನೆಯ ಹಾಗೆ ಹೊಳೆಯುತ್ತಿತ್ತು.

"ಅದು ಯಾರದಮ್ಮಾ ಮನೆ?"

"ನಿಮ್ದೇ ಅಯ್ಯಾ," ಎಂದಳು ಎಲ್ಲಮ್ಮ. ಅವಳ ದನಿಯಲ್ಲಿ ಕೊಂಕು ಇರಲಿಲ್ಲ.

ತಮ್ಮ ಮನೆಯನ್ನು ಅವರು ಈ ಕಡೆಯಿಂದ ಎಂದೂ ನೋಡಿರಲಿಲ್ಲ. ಕೊನೆಗೆ ಎದ್ದು ಹೆಗಲ ಟವೆಲು ಸರಿಮಾಡಿಕೊಂಡು ನನಗೆ ಒಂದೇ ಮಾತು ಹೇಳಿದರು: "ಮಾರ್ಚಂಡಿ." ತೆಲುಗಿನಲ್ಲಿ ಬದಲಾಯಿಸಿ ಎಂದರ್ಥ.

ಅವರು ಅಂದೇ ಬೇರೆ ಮನುಷ್ಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕು ಹೆಜ್ಜೆ ಹೋದವರು ನಿಂತು, ಖಾಲಿಯಾಗುವ ಬ್ಯಾಟರಿ ಕೋಣೆಯನ್ನು ಮಾವಿನ ಕಾಲದಲ್ಲಿ ಕ್ರೇಟುಗಳಿಗೆ ಕೊಡಬಹುದೇ ಎಂದು ಅಧ್ಯಕ್ಷೆಯನ್ನು ಕೇಳಿದರು. ಬಾಡಿಗೆ ಕಟ್ಟಿದರೆ ಕೊಡೋಣ ಎಂದರು ಮುನಿರತ್ನಮ್ಮ. ಘಟಕದ ಜಾಗ ಬದಲಾದಾಗ ಊರಲ್ಲಿ ಒಂದಿಬ್ಬರು ಕೇರಿಯ ಕರೆಂಟು ತಮಗೆ ಬೇಡವೆಂದು ತಂತಿ ಬಿಚ್ಚಿಸಿದರು. ಮುಂದಿನ ಬಿಲ್ಲು ಬಂದಮೇಲೆ ಒಬ್ಬೊಬ್ಬರಾಗಿ ಸದ್ದಿಲ್ಲದೆ ಬಂದು ಮತ್ತೆ ಹಾಕಿಸಿಕೊಂಡರು. ಬಿಲ್ಲಿಗೂ ಒಂದು ಬುದ್ಧಿ ಹೇಳುವ ಶಕ್ತಿಯಿದೆ.

ಘಟಕ ಅಂಗನವಾಡಿಯ ಮೇಲೆ ಬಂತು. ರಾಮಿರೆಡ್ಡಿಯವರ ಮನೆಯಲ್ಲಿ ವೋಲ್ಟೇಜು ತುಸು ಇಳಿಯಿತು, ಕಣ್ಣಿಗೆ ತಿಳಿಯುವಷ್ಟಲ್ಲ. ಎಲ್ಲಮ್ಮ ಬಲ್ಬು ಹಚ್ಚುವುದನ್ನು ಬಿಟ್ಟಳು. ಕೆಲವೇ ತಿಂಗಳಲ್ಲಿ ಕೇರಿಯ ಬಿಲ್ಲುಗಳೂ ಊರಿನವುಗಳ ಜೊತೆಗೆ ಇಳಿದವು. ನನ್ನ ವರದಿಯಲ್ಲಿ ಸರಾಸರಿಯನ್ನು ಬರೆಯಲಿಲ್ಲ. ಮೊದಲ ಮನೆಯ ಬಿಲ್ಲು, ಕೊನೆಯ ಮನೆಯ ಬಿಲ್ಲು, ಎರಡನ್ನೇ ಅಕ್ಕಪಕ್ಕ ಬರೆದೆ. ವರದಿ ತಡವಾಯಿತೆಂದು ಗದರಿದ ಮೇಲಧಿಕಾರಿಗಳು ಅದನ್ನು ಎರಡು ಸಲ ಓದಿ, ತಿದ್ದದೆ ಮೇಲಕ್ಕೆ ಕಳಿಸಿದರು.

ಆಮೇಲೆ ನನಗೆ ಮಾಲೂರಿಗೆ ವರ್ಗವಾಯಿತು. ಕೆಲವು ವರ್ಷ ಕಳೆದು ಒಂದು ಬೇಸಿಗೆಯಲ್ಲಿ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಮುನಿರತ್ನಮ್ಮ ಸಿಕ್ಕರು. ಅವರ ಅವಧಿ ಮುಗಿದಿತ್ತು; ಈಗ ಮಂಡಿಯಲ್ಲಿ ಹತ್ತು ಹೆಂಗಸರ ಮೇಸ್ತ್ರಿಯಾಗಿದ್ದರು. ದೀಪಗಳು ಹೇಗಿವೆ ಎಂದು ಕೇಳಿದೆ.

"ನಡುವೆ ಬ್ಯಾಟರಿ ಕೆಟ್ಟೋಗಿತ್ತು ಸಾರ್, ಮಂಕಾಗಿತ್ತು."

"ಅಯ್ಯೋ. ಮತ್ತೆ ಎಷ್ಟು ದಿನ ಕತ್ತಲಲ್ಲಿದ್ರಿ?"

ಅವರು ನಕ್ಕರು. "ಎಲ್ಲಿ ಕತ್ತಲು! ಈ ಸಲ ರೆಡ್ಡಿಗಾರು ಮನೇಲೂ ನಮ್ಮನೇಲೂ ಒಂದೇ ದಿನ ಮಂಕಾಯ್ತು. ಮಾರನೇ ದಿನಾನೇ ರಿಪೇರಿ ಆಗೋಯ್ತು."

ಆ ಮಾತನ್ನು ನಾನು ನಿವೃತ್ತನಾಗುವವರೆಗೆ ಪ್ರತಿ ನಕ್ಷೆಯ ಮೇಲೂ ಇಟ್ಟು ನೋಡಿದ್ದೇನೆ. ಎಲ್ಲರಿಗೂ ಸೇರಿದ್ದು ಎಂದು ಏನನ್ನು ಕಟ್ಟಿದರೂ ಅದು ಒಂದು ದಿನ ಕೆಡುತ್ತದೆ. ಕೆಟ್ಟಾಗ ಅದರ ಕತ್ತಲು ಎಲ್ಲರ ಮನೆಗೂ ಒಟ್ಟಿಗೆ ಬರುವ ಹಾಗೆ ಕಟ್ಟಬೇಕು. ರಿಪೇರಿಯನ್ನು ಆಮೇಲೆ ಊರೇ ನೋಡಿಕೊಳ್ಳುತ್ತದೆ.