ಕೂಸನ್ನು ನಾಯಿಗೆ ಒಪ್ಪಿಸಿದ ಬಗೆ

ನನ್ನ ಮೊದಲ ಕೂಸು ಸತ್ತದ್ದು ಹೇಗೆಂದು ಮನೆಯವರು ಒಂದು ರೀತಿ ಹೇಳುತ್ತಾರೆ, ಹೊರಗಿನವರು ಇನ್ನೊಂದು ರೀತಿ. ಮನೆಯವರ ಪ್ರಕಾರ ನಮ್ಮ ನಾಯಿಗೆ ಕೂಸಿನ ಮೇಲೆ ಹೊಟ್ಟೆಕಿಚ್ಚು ಇತ್ತು. ಹೊರಗಿನವರ ಪ್ರಕಾರ ಕುರಿ ಕಾಯುವ ಜನ ದೇವಿಯ ಮುನಿಸಿಗೆ ಹೆದರಿ ಟೀಕಾ, ಅಂದರೆ ಲಸಿಕೆ, ಹಾಕಿಸಿಕೊಳ್ಳುತ್ತಿರಲಿಲ್ಲ, ಅದರಿಂದಲೇ ಮಕ್ಕಳು ಸಿಡುಬಿಗೆ ತುತ್ತಾದವು. ಎರಡನೆಯ ಮಾತನ್ನು ನಾನು ಅಚ್ಚಿನಲ್ಲಿಯೂ ಓದಿದ್ದೇನೆ. ಅಚ್ಚಾದದ್ದಕ್ಕೆ ತಲೆಬಾಗುವ ಅಭ್ಯಾಸ ಶಾಲೆಗೆ ಹೋದವರಿಗೆ ಇರಬಹುದು. ನಾನು ನನ್ನ ಎರಡನೆಯ ಮಗಳ ಅಂಕಲಿಪಿಯಿಂದ ಅಕ್ಷರ ಕಲಿತವಳು. ನನಗೆ ಆ ಅಭ್ಯಾಸ ಅಂಟಲಿಲ್ಲ. ನಡೆದದ್ದನ್ನು ಕಂಡವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಆದ್ದರಿಂದ ಬರೆಯುತ್ತಿದ್ದೇನೆ.

ನಿಜಾಮನ ಆಳ್ವಿಕೆ ಮುಗಿದು ನಮ್ಮ ಸೀಮೆ ಭಾರತದಲ್ಲಿ ಸೇರಿಕೊಂಡ ಹೊಸತು. ನನ್ನ ಗಂಡನ ಮನೆ ಸುರಪುರದ ಹತ್ತಿರದ ದೇವಾಪುರದ ಹಟ್ಟಿಯಲ್ಲಿ. ತವರು ಶಹಾಪುರದ ಆಚೆಯ ಒಂದು ಕುರಿಹಟ್ಟಿ. ಹೆರಿಗೆ ತವರಿನಲ್ಲಾಯಿತು, ಗಂಡು ಕೂಸು. ಐದನೆಯ ತಿಂಗಳಲ್ಲಿ ಅದನ್ನು ಗಂಡನ ಮನೆಗೆ ಕರೆತರುವುದೆಂದು ನಿಶ್ಚಯವಾಯಿತು. ಆ ಮನೆಯಲ್ಲಿ ಅದುವರೆಗೆ ಕೂಸು ಇರಲಿಲ್ಲ. ಕಾಳಿನ ಗುಮ್ಮಿಗಳ ನಡುವೆ ಇಲಿ ಹಿಡಿಯುವ ಒಂದು ಬೂದು ಬೆಕ್ಕು ಇತ್ತು, ಕುರಿದೊಡ್ಡಿಯ ಬಾಯಿಗೆ ಒಂದು ಕೆಂಚು ನಾಯಿ. ನಮ್ಮ ಕಡೆ ಎಲ್ಲರೂ ಹೆದರುತ್ತಿದ್ದುದು ಬೆಕ್ಕಿಗೆ. ಹಾಲಿನ ವಾಸನೆಗೆ ಬಂದು ಅದು ಕೂಸಿನ ಉಸಿರನ್ನೇ ಹೀರಿಕೊಳ್ಳುತ್ತದೆ ಎಂಬ ನಂಬಿಕೆ ಇತ್ತು. ನಾನು ಆಗಲೂ ನಂಬಲಿಲ್ಲ.

ನನ್ನ ಅತ್ತೆ ಮಾತ್ರ ಹೆದರಿ ಕೂರುವ ಹೆಂಗಸಲ್ಲ. ನಾವು ಬರುವ ಎಷ್ಟೋ ಮೊದಲೇ ಜಂತಿಗೆ ಬಟ್ಟೆಯ ತೊಟ್ಟಿಲನ್ನು ಕಟ್ಟಿ, ಖಾಲಿ ತೊಟ್ಟಿಲಿನೊಳಗೆ ಜಾಲಿಯ ಮುಳ್ಳುಕಡ್ಡಿಗಳನ್ನು ಹಾಸಿ, ಮೇಲೊಂದು ತೆಳು ಅರಿವೆ ಹೊದಿಸಿದ್ದಳು. ಬೆಕ್ಕು ಹೊಸ ಹಾಸಿಗೆಯೆಂದು ಹಾರಿ, ಕೂಗಿ, ಹೊರಗೆ ಓಡಿತಂತೆ. ನಾನು ಬರುವ ಹೊತ್ತಿಗೆ ಅದು ತೊಟ್ಟಿಲಿನ ನೆರಳನ್ನೂ ಸುತ್ತುಬಳಸಿ ಹೋಗುತ್ತಿತ್ತು. ಆ ಬಡಪಾಯಿಯಿಂದ ನನ್ನ ಕೂಸಿಗೆ ಒಂದು ಗೀರೂ ಆಗಲಿಲ್ಲ.

ನಾಯಿಗೆ ಅತ್ತೆ ಬೇರೆ ದಾರಿ ಹಿಡಿದಳು. ನಮ್ಮಲ್ಲಿ ದೊಡ್ಡಿಯ ನಾಯಿಯನ್ನು ಕಣ್ಣು ಬಿಡುವ ಮೊದಲೇ ತಂದು ಕುರಿಮರಿಗಳ ನಡುವೆ ಬಿಡುತ್ತಾರೆ. ಅದು ಕುರಿಯ ಹಾಲು ಕುಡಿದು, ಮರಿಗಳ ಮೈಗೆ ಮೈ ಹಚ್ಚಿ ಬೆಳೆಯುತ್ತದೆ. ಹುಟ್ಟಿದ ಮರಿಯನ್ನು ಹೊಲದಿಂದ ಹೊತ್ತು ತರಲು ಒಂದು ಹಳೆಯ ಕರಿ ಕಂಬಳಿ ಇರುತ್ತದೆ. ಅದನ್ನು ಎಂದೂ ಒಗೆಯುವುದಿಲ್ಲ. ಆ ಕಂಬಳಿಯಲ್ಲಿ ಏನು ಬಂದರೂ ನಾಯಿ ಅದನ್ನು ಮೂಸಿ ತನ್ನದೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆಮೇಲೆ ಅದನ್ನು ಮುಟ್ಟುವ ಹಕ್ಕು ಮನೆಯವರಿಗೆ ಮಾತ್ರ.

ನಾನು ಬಂಡಿಯಿಂದ ಇಳಿದ ಕೂಡಲೇ ಅತ್ತೆ ಕೂಸನ್ನು ಇಸಿದುಕೊಂಡು ಆ ಕಂಬಳಿಯಲ್ಲಿ ಸುತ್ತಿದಳು.

"ಯತ್ತಿ, ಅದು ನಾರಾಕತ್ತದ," ಎಂದೆ.

"ನಾರಲಿ. ಮರೀ ಅಂತ ತಿಳಕೊಳ್ಳಲಿ ಅದು. ಮನಷ್ಯಾರ ಕೂಸು ಅಂದ್ರ ಅದಕ್ಕ ಏನ್ ಗೊತ್ತು? ಮರಿ ಕಾಯೂದು ಗೊತ್ತದ."

ನಾಯಿ ಕೂಸಿನ ಪಾದವನ್ನು ಮೂಸಿತು, ಕಿವಿಯ ಹಿಂದೆ ಮೂಸಿತು, ಉದ್ದಕ್ಕೆ ಉಸಿರು ಬಿಟ್ಟು ತೊಟ್ಟಿಲಿನ ಕೆಳಗೆ ಮಲಗಿತು. ಅತ್ತೆ ನನ್ನ ಕಡೆ ಗೆದ್ದವಳಂತೆ ನೋಡಿದಳು.

ಮರುದಿನ ಪಕ್ಕದ ಮನೆಯಾಕೆ ಕೂಸನ್ನು ನೋಡಲು ಬಂದು ಕೈ ಚಾಚಿದಳು. ನಾಯಿ ಎದ್ದು ನಡುವೆ ನಿಂತಿತು. ಬೊಗಳಲಿಲ್ಲ; ತುಟಿ ಮಾತ್ರ ಮೇಲೆತ್ತಿತು.

"ಯವ್ವಾ! ಇದು ನಾಯೋ, ಇಲ್ಲಾ ಕೂಸಿನ ಸೋದರಮಾವನೋ? ಮುಟ್ಟಾಕ ಬಿಡವಲ್ದು!"

"ನಿನ್ನ ಕಣ್ಣು ಚಲೋ ಇಲ್ಲ ಅಂತ ಅದಕ್ಕೂ ಗೊತ್ತಾಗ್ಯಾದ ನೋಡು," ಎಂದಳು ಅತ್ತೆ. ಇಬ್ಬರೂ ನಕ್ಕರು. ನನಗೂ ನಗು ಬಂತು. ಆದರೆ ದಿನ ಕಳೆದಂತೆ ನಾಯಿಯ ಕಾವಲು ಸಡಿಲವಾಗಲಿಲ್ಲ, ಬಿಗಿಯಾಯಿತು. ಅತ್ತೆ, ನಾನು, ನನ್ನ ಗಂಡ, ಈ ಮೂವರನ್ನು ಬಿಟ್ಟು ಯಾರಿಗೂ ಕೂಸಿನ ಹತ್ತಿರ ದಾರಿಯಿರಲಿಲ್ಲ. ಅತ್ತೆ ಅದನ್ನು ಹಟ್ಟಿಯ ತುಂಬ ಹೇಳಿಕೊಂಡು ಹೆಮ್ಮೆಪಟ್ಟಳು. ಆ ವರ್ಷಗಳಲ್ಲಿ ಊರಲ್ಲಿ ಅಪರಿಚಿತರ ಓಡಾಟ ಹೆಚ್ಚಿತ್ತು. ಇಂಥ ಕಾವಲು ಬೇಡವೆನ್ನುವ ಧೈರ್ಯ ಯಾರಿಗಿತ್ತು?

ಸುಗ್ಗಿ ಮುಗಿಯುತ್ತಾ ಬಂದಾಗ ಗಂಡ ಕುರಿಗಳನ್ನು ಹೊಡೆದುಕೊಂಡು ಹೊಳೆಯ ದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆ ನಿಲ್ಲಿಸಲು ಹೋದ. ನಾಯಿ ಕೂಸಿನ ಬಳಿಯೇ ಉಳಿಯಿತು. ಅದೇ ವಾರ ಕೆಂಭಾವಿಯ ಸಂತೆಯಿಂದ ಬಂದವರು ಸಿಡುಬಿನ ಸುದ್ದಿ ತಂದರು. ಟೀಕಾ ಹಾಕುವವನು ಬರುತ್ತಾನೆಂದೂ ಹೇಳಿದರು. ನಾನು ಕೂಸಿಗೆ ಹಾಕಿಸಲೇಬೇಕೆಂದು ಹಟ ಹಿಡಿದೆ. ಅತ್ತೆ ಬೇಡವೆನ್ನಲಿಲ್ಲ. ಇದನ್ನು ನಾನು ಒತ್ತಿ ಬರೆಯುತ್ತೇನೆ: ಅತ್ತೆ ಬೇಡವೆನ್ನಲಿಲ್ಲ. "ಹಾಕಸು. ಚೀರ್‍ಯಾಡ್ತದ, ಹಾಲು ಕುಡದು ಮಕ್ಕೋತದ," ಎಂದಳಷ್ಟೆ.

ಟೀಕಾದವನು ಬಂದಾಗ ಅತ್ತೆ ಹೊಲದಲ್ಲಿದ್ದಳು. ಬಗಲಲ್ಲಿ ಚರ್ಮದ ಚೀಲ ಹಾಕಿಕೊಂಡ ಸಣಕಲು ಮನುಷ್ಯ. ಬಾಗಿಲಲ್ಲಿ ನಾಯಿಯನ್ನು ಕಂಡು ನಿಂತ.

"ಮೊದಲ ಇದನ್ನ ಕಟ್ಟರಿ ಅಮ್ಮಾ. ಇಲ್ಲಾಂದ್ರ ಕೂಸಿಗಿಂತ ಮುಂಚೆ ನನಗ ದವಾ ಬೇಕಾಗ್ತದ."

ದೊಡ್ಡಿಯ ನಾಯಿಯನ್ನು ನಮ್ಮಲ್ಲಿ ಎಂದೂ ಕಟ್ಟುವುದಿಲ್ಲ. ಎಮ್ಮೆಯ ಹಗ್ಗವನ್ನು ಅದರ ಕೊರಳಿಗೆ ಹಾಕಿ ಕಂಬಕ್ಕೆ ಬಿಗಿದೆ. ಅದು ನನ್ನ ಕೈಗೆ ಮಿಸುಕಾಡದೆ ನಿಂತಿತು. ಆದರೆ ಅವನು ಚೀಲ ತೆರೆದು, ಸೂಜಿಯನ್ನು ಒರೆಸಿ, ಕೂಸಿನ ತೋಳು ಹಿಡಿದನೋ ಇಲ್ಲವೋ, ಕೂಸು ಚೀರಿತು. ನಾಯಿ ಹಿಂದಕ್ಕೆ ಜಗ್ಗಿ ಕೊರಳನ್ನು ಹಗ್ಗದಿಂದ ಕಳಚಿಕೊಂಡು ಹಾರಿತು. ಅವನ ಪಾಯಿಜಾಮ ಹರಿಯಿತು. ಚೀಲ ಬಂಡೆಯ ಮೇಲೆ ಬಿತ್ತು. ಔಷಧದ ಗಾಜಿನ ನಳಿಗೆಗಳು ಒಡೆದ ಸಪ್ಪಳ ಸಣ್ಣದಾಗಿತ್ತು. ನಾನು ನಾಯಿಯ ಮೇಲೆ ಬಿದ್ದು ಹಿಡಿದುಕೊಂಡೆ.

ಅವನು ಬೈಯಲಿಲ್ಲ. ಗಾಜಿನ ಚೂರುಗಳನ್ನು ಆರಿಸುತ್ತಾ ಕುಳಿತ. "ಇಷ್ಟೇ ಇತ್ತು ನನ್ನ ಹತ್ತರ. ಯಾದಗಿರಿಗೆ ಹೋಗಿ ತರಬೇಕು. ಹಳೇ ಸರಕಾರ ಹೋತು, ಹೊಸದು ನನ್ನ ಇಟಗೋತದೋ ಬಿಡ್ತದೋ ಅದೂ ತಿಳೀವಲ್ದು. ಬರ್ತೀನಿ ಅಮ್ಮಾ, ಸಿಕ್ಕರ ಬರ್ತೀನಿ."

ಹಟ್ಟಿಯ ಉಳಿದ ಮಕ್ಕಳಿಗೂ ಅಂದು ಟೀಕಾ ಸಿಗಲಿಲ್ಲ.

ಅವನು ಮರಳಲಿಲ್ಲ. ಅತ್ತೆ ಮತ್ತು ನಾನು ಕೂಸನ್ನು ಕಟ್ಟಿಕೊಂಡು ಸುರಪುರದಲ್ಲಿ ಅವನು ಇಳಿದುಕೊಂಡಿದ್ದ ಬಿಡಾರಕ್ಕೆ ನಡೆದು ಹೋದೆವು. ಯಾದಗಿರಿಗೆ ಹೋದವನು ಇನ್ನೂ ಬಂದಿಲ್ಲ ಎಂದರು. ಮತ್ತೊಮ್ಮೆ ಹೋದೆವು, ಬಿಡಾರಕ್ಕೆ ಬೀಗ. ದೇವಿಗೆ ಹೆದರಿ ಮನೆಯೊಳಗೆ ಅವಿತವರು ಹೀಗೆ ಬಿಸಿಲಿನಲ್ಲಿ ಎರಡು ಸಲ ನಡೆಯುವುದಿಲ್ಲವೆಂದು ನನ್ನ ತಿಳಿವಳಿಕೆ.

ಎರಡನೆಯ ಸಲ ಮರಳುವಾಗಲೇ ಕೂಸಿನ ಮೈ ಸುಡುತ್ತಿತ್ತು. ಮುಖದ ಮೇಲೆ ಗುಳ್ಳೆಗಳೆದ್ದವು. ಬೇವಿನ ಎಲೆಯ ಮೇಲೆ ಮಲಗಿಸಿದೆವು. ನಾಯಿ ಹೊಸ್ತಿಲಿಗೆ ಅಡ್ಡ ಮಲಗಿ ರೊಟ್ಟಿ ಮುಟ್ಟಲಿಲ್ಲ. ಗಂಡನಿಗೆ ಹೇಳಿ ಕಳುಹಿಸಿದ ಆಳು ಹೊಳೆದಂಡೆಯನ್ನು ತಲುಪುವ ಮೊದಲೇ ಕೂಸು ಹೋಯಿತು.

ಗಂಡ ಬಂದ. ಟೀಕಾದವನ ಮೇಲೆ ನಾಯಿ ಹಾರಿದ ಸುದ್ದಿ ಅವನಿಗೆ ದಾರಿಯಲ್ಲೇ ಸಿಕ್ಕಿತ್ತು. ದೊಡ್ಡಿಯ ಬಡಿಗೆ ತೆಗೆದುಕೊಂಡು ನಾಯಿಯ ಕಡೆ ನಡೆದ. ಅದು ಓಡಲಿಲ್ಲ. ನಾನು ಅವನ ಕೈ ಹಿಡಿಯುವಷ್ಟರಲ್ಲಿ ಅದರ ಹಿಂಗಾಲು ಮುರಿದಿತ್ತು.

"ಬಿಡ್ರಿ! ಕೂಸು ಕಾಯಿ ಅಂದಿವಿ, ಕಾಯ್ದದ ಅದು!" ಎಂದು ಕೂಗಿದೆ.

ಆಗ ಒಳಗಿನಿಂದ ಅತ್ತೆಯ ದನಿ ಬಂತು: "ಅದಕ್ಕ ಹೊಟ್ಟಿಕಿಚ್ಚು ಇತ್ತು. ಮೊದಲ ದಿನಾನ ಕಂಡಿತ್ತು ನನಗ."

ಹೊಟ್ಟೆಕಿಚ್ಚಿನ ಕತೆ ಹುಟ್ಟಿದ್ದು ಅಲ್ಲಿಯೇ. ಕಂಬಳಿಯಲ್ಲಿ ಸುತ್ತಿದವಳು ತಾನು ಎಂಬುದನ್ನು ಹೊತ್ತು ಬದುಕಲು ಅವಳಿಗೆ ಸಾಧ್ಯವಿರಲಿಲ್ಲವೇನೋ. ಅವಳು ಇರುವವರೆಗೆ ನಾನು ಎದುರಾಡಲಿಲ್ಲ. ಕತೆ ಊರಾಡಿತು, ನಿಂತಿತು.

ಎರಡನೆಯ ಕೂಸು ಹೆಣ್ಣು. ಈ ಸಲ ನಾಯಿಯನ್ನು ಒಗ್ಗಿಸುವ ಕೆಲಸವನ್ನು ನಾನೇ ಮಾಡಿದೆ. ಕಂಬಳಿ ಹತ್ತಿರ ತರಲಿಲ್ಲ. ಎಣ್ಣೆಯ ವಾಸನೆಯ ಕೂಸಿನ ಅರಿವೆಯನ್ನು ದೂರದಿಂದ ಮೂಸಿಸಿದೆ. ಪಕ್ಕದ ಮನೆಯಾಕೆಯನ್ನು ದಿನವೂ ಕರೆದು ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸಿ, ಅದೇ ಹೊತ್ತಿಗೆ ನಾಯಿಯ ಮುಂದೆ ರೊಟ್ಟಿ ಮುರಿದು ಹಾಕಿದೆ. ಬೇರೆಯವರ ಕೈಯಲ್ಲಿಯೂ ಕೂಸು ಸುರಕ್ಷಿತ ಎಂದು ಅದಕ್ಕೆ ಕಲಿಸಬೇಕೆಂಬುದು ನನ್ನ ಯೋಚನೆ. ನಾಯಿ ರೊಟ್ಟಿಯನ್ನು ಕಚ್ಚಿಕೊಂಡು ಕುಂಟುತ್ತಾ ದೊಡ್ಡಿಯ ಹಿಂದೆ ಹೋಗಿ ತಿಂದಿತು. ಕೂಸಿನ ಕಡೆ ತಿರುಗಿ ನೋಡಲಿಲ್ಲ.

ಮಗಳಿಗೆ ಟೀಕಾ ಹಾಕಿದರು. ಅವಳು ಚೀರಿದಾಗ ನಾಯಿ ಎದ್ದು ಹೊರಟೇ ಹೋಯಿತು.

ಮಗಳು ಅಂಬೆಗಾಲಿಡುವಾಗ ಮನೆಯ ಬೇರೇನೂ ಬೇಡವಾಗಿ ನಾಯಿಯ ಹಿಂದೆಯೇ ಹರಿದಾಡುತ್ತಿದ್ದಳು. ಅವಳು ಹತ್ತಿರ ಬಂದರೆ ಅದು ಎದ್ದು ಅಷ್ಟು ದೂರ ಹೋಗಿ ಮಲಗುತ್ತಿತ್ತು. ಮತ್ತೆ ಬಂದರೆ ಮತ್ತೆ ಏಳುತ್ತಿತ್ತು. ಮೂರು ಕಾಲಿನ ಮೇಲೆ ಏಳುವುದು ಅದಕ್ಕೆ ಕಷ್ಟವಾಗುತ್ತಿತ್ತು.

"ಈಗ ಬುದ್ಧಿ ಬಂದದ ನೋಡು ಅದಕ್ಕ," ಎನ್ನುತ್ತಿದ್ದಳು ಪಕ್ಕದ ಮನೆಯಾಕೆ.

ಅದನ್ನೂ ನಾನು ಒಪ್ಪಲಿಲ್ಲ. ಮಗಳನ್ನು ಎತ್ತಿಕೊಂಡು ಒಳಗೆ ಬಂದು ಕದ ಮುಂದೆ ಮಾಡುತ್ತಿದ್ದೆ, ನಾಯಿ ಇನ್ನೊಮ್ಮೆ ಏಳಬೇಕಾಗದಿರಲೆಂದು.