ಮಗು ಮನೆಗೆ ಬರುವ ದಿನ ಏನು ಅಡುಗೆ?

ಆ ದಿನ ಏನೇನು ಕೆಡಬಹುದು ಎಂಬುದನ್ನು ನಾನು ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ಸಮಿತಿಯ ಸದಸ್ಯರೊಬ್ಬರು ರಜೆ ಹಾಕಬಹುದು. ಎಲ್ಲರೂ ಬಂದು ಕೂತ ಮೇಲೆ ಕರೆಂಟು ಹೋಗಿ ಪ್ರಿಂಟರ್ ಕೈಕೊಡಬಹುದು. ಆಧಾರ್ ಕಾರ್ಡಿನಲ್ಲಿ ತಂಗಿಯ ಹೆಸರಿಗೆ ಇನ್ನೂ ಅಂಟಿಕೊಂಡಿರುವ ಗಂಡನ ಹೆಸರು ಈಗ ತಕರಾರು ತೆಗೆಯಬಹುದು. ದಸರಾ ಆನೆಗಳು ಅದೇ ಹೊತ್ತಿಗೆ ತಾಲೀಮಿಗೆ ಹೊರಟು ನಮ್ಮ ಆಟೋ ಅವುಗಳ ಹಿಂದೆ ಸಿಕ್ಕಿಕೊಳ್ಳಬಹುದು. ತಂಗಿ ಅಲ್ಲೇ ಅತ್ತುಬಿಡಬಹುದು. ಆಗ ಅವರು ‘ಇನ್ನೂ ಗುಣವಾಗಿಲ್ಲ’ ಎಂದುಕೊಳ್ಳಬಹುದು. ಅಳದೆಯೂ ಇರಬಹುದು, ಆಗ ‘ಮಮತೆ ಇಲ್ಲ’ ಎಂದುಕೊಳ್ಳಬಹುದು. ನನಗೆ ಬಿ.ಪಿ. ಏರಿ ಬಾಲಮಂದಿರದ ಗೇಟಿನಲ್ಲಿ ಬಿದ್ದು, ಎಲ್ಲರೂ ಮಗುವನ್ನು ಅಲ್ಲೇ ಬಿಟ್ಟು ನನ್ನನ್ನು ಹೊತ್ತುಕೊಂಡು ಓಡಬಹುದು. ಕೊನೆಯದನ್ನು ಮಾತ್ರ ಹೆಂಡತಿಗೂ ಹೇಳಿರಲಿಲ್ಲ: ಏಳು ವರ್ಷದ ಆ ಹುಡುಗಿ ತನ್ನ ಅಮ್ಮನ ಮುಖ ನೋಡಿ, ‘ನಾನು ಬರಲ್ಲ’ ಎನ್ನಬಹುದು.

ಹೇಳಿದ್ದಷ್ಟನ್ನು ಕೇಳಿಸಿಕೊಂಡ ಹೆಂಡತಿ, “ರೀ, ನೀವು ಮನೇಲೇ ಇದ್ದುಬಿಡಿ. ಅರ್ಧ ತೊಂದ್ರೆ ಅಲ್ಲಿಗೇ ಕಮ್ಮಿ ಆಗತ್ತೆ,” ಎಂದಳು.

ನಾವಿರುವುದು ಅಗ್ರಹಾರದಲ್ಲಿ; ತಂಗಿ ಅಶೋಕಪುರಂನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದಳು. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ಮನಸ್ಸಿನ ಕಾಯಿಲೆ ಹತ್ತಿತು. ಫೋನು ಮಾಡಿದರೆ “ಚೆನ್ನಾಗಿದೀನಿ ಅಣ್ಣ” ಎಂದು ಚೆನ್ನಾಗಿಯೇ ಹೇಳುತ್ತಿದ್ದಳು. ಆದರೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ಒಲೆ ಹಚ್ಚುತ್ತಿರಲಿಲ್ಲ. ಮಗಳು ಶಾಲೆಗೆ ಹೋಗುವುದು ನಿಂತು, ಬೀದಿಯವರಲ್ಲಿ ಯಾರೋ ಮಕ್ಕಳ ಸಹಾಯವಾಣಿಗೆ ತಿಳಿಸಿದರು. ಮಕ್ಕಳ ಕಲ್ಯಾಣ ಸಮಿತಿಯವರು ಹುಡುಗಿಯನ್ನು ಬಾಲಮಂದಿರದಲ್ಲಿ ಇರಿಸಿ, ತಾಯಿಯನ್ನು ಚಿಕಿತ್ಸೆಗೆ ಕಳಿಸಿದರು. ಚಂದ್ರನ ಮೇಲೆ ನೀರು ಇದೆಯೋ ಇಲ್ಲವೋ ಎಂದು ಚಿಂತೆ ಮಾಡುವ ನನಗೆ, ಇಂಥದ್ದೊಂದು ಆಗಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

ತಿಂಗಳುಗಳ ಮೇಲೆ ತಂಗಿ ಎದ್ದು ಓಡಾಡತೊಡಗಿದಾಗ, ಆಪ್ತ ಸಮಾಲೋಚಕಿಯೊಬ್ಬರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. “ಔಷಧಿ ತನ್ನ ಕೆಲ್ಸ ಮಾಡ್ತಿದೆ. ಆದ್ರೆ ಸಮಿತಿಯವರು ಕೇಳೋದು ಇನ್ನೊಂದು. ಮಗು ವಾಪಸ್ ಬಂದ್ರೆ ಇವರ ಜೊತೆಗೆ ಯಾರಿದ್ದಾರೆ?”

“ನಾನಿದ್ದೀನಲ್ಲ ಮೇಡಂ,” ಎಂದೆ. ಅಷ್ಟರಲ್ಲಾಗಲೇ ನಾನು ತಲೆಯ ಮೇಲಿನ ಫ್ಯಾನು ಯಾಕೆ ಹಾಗೆ ಅಲುಗುತ್ತಿದೆ ಎಂದು ಅವರನ್ನು ಎರಡು ಸಲ ಕೇಳಿಯಾಗಿತ್ತು.

“ನೀವೂ ಇದ್ದೀರಿ,” ಎಂದರು, ಬಹಳ ಮರ್ಯಾದೆಯಿಂದ. “ಇನ್ನೂ ಸ್ವಲ್ಪ ಜನ ಬೇಕು.”

ಹಾಗೆ ಅವರು ಹೇಳಿ ಕಳಿಸಿದ್ದು ಶನಿವಾರ ಮಧ್ಯಾಹ್ನದ ಒಂದು ಕೂಟಕ್ಕೆ. ಮಕ್ಕಳು ಬಾಲಮಂದಿರದಲ್ಲಿರುವ, ಅಥವಾ ಅಲ್ಲಿಂದ ಮನೆಗೆ ಬಂದಿರುವ ಮನೆಯವರು ಒಂದು ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆಗೆ ನಾನು ಹೆಲ್ಮೆಟ್ಟನ್ನು ತೆಗೆಯದೆಯೇ ಒಳಗೆ ಹೋದೆ.

“ಯಾಕ್ ಸ್ವಾಮಿ, ಸೂರು ಬೀಳ್ತದಾ?” ಎಂದರು ಬಾಗಿಲ ಬಳಿ ಕೂತಿದ್ದ ಒಬ್ಬ ಅಜ್ಜಿ.

“ಇಲ್ಲ, ನಾನು ತಂಗೀನ ಬಿಟ್ಟುಹೋಗಕ್ಕೆ ಬಂದೆ ಅಷ್ಟೆ.”

“ಬುಟ್ಟೋಗೋರು ಬಾಗ್ಲಲ್ಲೇ ಬುಡ್ತಾರೆ. ಕುರ್ಚಿ ಮೇಲ್ ಕೂತ್ಮೇಲೆ ನೀವೂ ನಮ್ಮೋರೇಯಾ. ಅದ್ನ ತೆಗೀರಿ ಮೊದ್ಲು, ಬೆವರ್ತಾ ಇದೀರ.”

ಆ ಕೂಟದಲ್ಲಿ ಒಂದು ಪದ್ಧತಿ ಇತ್ತು. ಮಗುವನ್ನು ಯಾಕೆ ಕರೆದುಕೊಂಡು ಹೋದರು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೇಳಬೇಕೆನಿಸಿದವರು ಹೇಳಿಕೊಳ್ಳಬಹುದಿತ್ತು. ಹೊಸಬರಿಗೆ ಅವರು ಕೇಳುತ್ತಿದ್ದದ್ದು ಒಂದೇ: ಮಗು ಮನೆಗೆ ಬರುವ ದಿನ ಏನು ಅಡುಗೆ? ಅಜ್ಜಿಯ ಮೊಮ್ಮಗಳೂ ನಮ್ಮ ಹುಡುಗಿ ಇದ್ದ ಬಾಲಮಂದಿರದಲ್ಲೇ ಇದ್ದಳು. ತಾಯಿ ಇಲ್ಲದ ಮಗು. ಅವಳು ಬರುವ ದಿನ ಇನ್ನೂ ಗೊತ್ತಾಗಿರಲಿಲ್ಲವಾದರೂ ಅಡುಗೆ ಗೊತ್ತಾಗಿತ್ತು: ನಾಟಿ ಕೋಳಿ ಸಾರು, ಮುದ್ದೆ. ತನ್ನ ಇಬ್ಬರು ಗಂಡುಮಕ್ಕಳನ್ನು ಆಗಲೇ ಮನೆಗೆ ತಂದುಕೊಂಡಿದ್ದ ಒಬ್ಬ ಆಟೋ ಡ್ರೈವರ್, ಆ ದಿನ ತಾನು ಮಾಡಿದ ಪೂರಿ ಒಂದೂ ಉಬ್ಬಲಿಲ್ಲವೆಂಬ ಕತೆಯನ್ನು ಪ್ರತಿ ವಾರವೂ ಹೊಸದೆಂಬಂತೆ ಹೇಳುತ್ತಿದ್ದ.

ತಂಗಿಯನ್ನು ಕೇಳಿದಾಗ ಅವಳು ನೆಲ ನೋಡಿದಳು. ಅವಳ ಪರವಾಗಿ ನಾನೇ ‘ಪಾಯಸ’ ಎಂದುಬಿಟ್ಟೆ. “ನಿಮ್ಮನ್ನ ಕೇಳ್ಲಿಲ್ಲ ಸ್ವಾಮಿ,” ಎಂದರು ಅಜ್ಜಿ. ಆಮೇಲಿನ ಶನಿವಾರಗಳಲ್ಲೂ ಅವಳು ನೆಲವನ್ನೇ ನೋಡುತ್ತಿದ್ದಳು. ಮಗಳು ಬರುತ್ತಾಳೆಂದು ಅವಳು ನಂಬಿಯೇ ಇಲ್ಲ ಎಂಬುದು ನನಗೆ ಅಲ್ಲಿ ಕೂತು ಗೊತ್ತಾಯಿತು. ಆದರೂ ಅವಳು ಕೂಟಕ್ಕೆ ಬರುವುದನ್ನು ಬಿಡಲಿಲ್ಲ. ಅಜ್ಜಿಯ ಮನೆ ಅವಳ ಮನೆಯ ಪಕ್ಕದ ಬೀದಿಯಲ್ಲೇ ಎಂದು ತಿಳಿದ ಮೇಲೆ, ಅಜ್ಜಿ ಸಂಜೆಯ ಹೊತ್ತು ತಂಗಿಯ ಮನೆಗೆ ಹೋಗಿ ಕೂರತೊಡಗಿದರು. ಉಪದೇಶವೇನೂ ಇಲ್ಲ. “ಕಾಫಿ ಮಾಡವ್ವ” ಎನ್ನುವುದು, ಅವಳು ಎದ್ದು ಮಾಡುವವರೆಗೂ ಕೂತಿರುವುದು.

ಒಂದು ಶನಿವಾರ ಯಾರೂ ಕೇಳದೆಯೇ ತಂಗಿ ಬಾಯಿಬಿಟ್ಟಳು. “ಚಿತ್ರಾನ್ನ. ಕಡ್ಲೆಕಾಯಿ ಬೀಜ ಹಾಕ್ದೆ. ಅವ್ಳು ಒಂದೊಂದೇ ಆರ್ಸಿ ತಟ್ಟೆ ಅಂಚಿಗಿಡ್ತಾಳೆ.”

“ಕಡ್ಲೆಬೀಜ ಇಲ್ದೆ ಚಿತ್ರಾನ್ನ ಎಂಗಕ್ಕ ಇಳೀತದೆ?” ಎಂದ ಆಟೋದವನು.

“ಉಬ್ಬದೇ ಇರೋ ಪೂರಿ ಇಳೀಲಿಲ್ವಾ ನಿನ್ ಮಕ್ಳಿಗೆ? ಸುಮ್ಕಿರೋ,” ಎಂದರು ಅಜ್ಜಿ. ತಂಗಿ ನಕ್ಕಳು. ನಾನು ಎದ್ದು ಹೊರಗೆ ಹೋಗಿ, ಸ್ಕೂಟರಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ನೋಡುವವನಂತೆ ಸ್ವಲ್ಪ ಹೊತ್ತು ನಿಂತು ಬಂದೆ.

ಆಮೇಲೆ ತಂಗಿಯ ಮನೆ ನೋಡಲು ಸಮಿತಿಯ ಕಡೆಯ ಅಧಿಕಾರಿಯೊಬ್ಬರು ಬಂದರು. ಅವರು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ನಾನು ತಂಗಿಗೆ ಉತ್ತರ ಬಾಯಿಪಾಠ ಮಾಡಿಸಿದ್ದೆ. ಅವರು ನೇರವಾಗಿ ಅಡುಗೆಮನೆಗೆ ಹೋಗಿ, ಅಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅಜ್ಜಿಯನ್ನು, “ನೀವು ಯಾರಮ್ಮ?” ಎಂದರು.

“ನಾನಾ? ಪಕ್ಕದ್ ಬೀದಿಯೋಳು. ಸಂಜೆ ಕಾಫಿ ನಂದು ಇಲ್ಲೇಯಾ. ಸ್ಕೂಲಿಗೆ ಬುಡೋದು ನಮ್ ಆಟೋದವನು. ಭಾನುವಾರ ಇವ್ರಣ್ಣನ ಹೆಂಡ್ತಿ ಬತ್ತಾರೆ, ಒಳ್ಳೇವ್ರು.”

“ಮತ್ತೆ ಅಣ್ಣ?”

ಅಜ್ಜಿ ನನ್ನನ್ನೊಮ್ಮೆ ನೋಡಿದರು. “ಅವ್ರು ಯೋಚ್ನೆ ಮಾಡ್ತಾರೆ. ಅದೂ ಯಾರಾದ್ರೂ ಮಾಡ್ಬೇಕಲ್ಲ.”

ಇಷ್ಟೆಲ್ಲ ಆದ ಮೇಲೆ ಆ ದಿನ ಬಂತು. ಸಮಿತಿಯ ಸದಸ್ಯರೆಲ್ಲ ಬಂದಿದ್ದರು. ಕರೆಂಟು ಇತ್ತು. ಆನೆಗಳು ಬೇರೆ ಹೊತ್ತಿನಲ್ಲಿ ನಡೆದು ಲಾಯಕ್ಕೆ ಮರಳಿದ್ದವು. ತಂಗಿ ಸ್ವಲ್ಪ ಅತ್ತಳು. ಅಲ್ಲಿದ್ದ ಮೇಡಂ ಒಬ್ಬರು ನೀರು ಕೊಟ್ಟರು, ಏನನ್ನೂ ಬರೆದುಕೊಳ್ಳಲಿಲ್ಲ. ಬಾಲಮಂದಿರದ ಒಳಗಿನಿಂದ ನಮ್ಮ ಹುಡುಗಿ ಬಂದು, ಅಮ್ಮನ ಎದುರು ನಿಂತು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಮ್ಮ, ಇದೇನ್ ಹಿಂಗ್ ತಲೆ ಬಾಚ್ಕೊಂಡಿದೀಯ?” ಎಂದವಳೇ, ನಮಗಿಂತ ಮೊದಲು ಹೋಗಿ ಆಟೋ ಹತ್ತಿ ಕೂತಳು.

ತಂಗಿಯ ಮನೆಯಲ್ಲಿ ಹೆಂಡತಿ ಮತ್ತು ಅಜ್ಜಿ ಕಾದಿದ್ದರು. ಚಿತ್ರಾನ್ನಕ್ಕೆ ತಂಗಿಯೇ ಒಗ್ಗರಣೆ ಹಾಕಿದಳು. ಹುಡುಗಿ ತಟ್ಟೆಯನ್ನು ಕೆದಕಿ ನೋಡಿ, ಆರಿಸಲು ಏನೂ ಸಿಗದೆ, ಎರಡು ಸಲ ಹಾಕಿಸಿಕೊಂಡು ತಿಂದಳು. ಆಟೋದವನು ಮೂರನೆಯ ತಟ್ಟೆಗೆ ಕೈಹಾಕುವಾಗಲೂ, ಕಡ್ಲೆಬೀಜ ಇರಬೇಕಿತ್ತು ಎಂದು ಗೊಣಗುತ್ತಿದ್ದ.

ಹೊರಡುವಾಗ ಹೊಸ್ತಿಲಾಚೆ ನನ್ನ ಕಣ್ಣಿಗೆ ಅದು ಬಿತ್ತು. ಹುಡುಗಿ ಬಿಟ್ಟಿದ್ದ ಚಪ್ಪಲಿಗಳಲ್ಲಿ ಒಂದು ನೀಲಿ, ಒಂದು ಕೆಂಪು. ಕೆಂಪು ಚಪ್ಪಲಿ ಎರಡು ಬೆರಳಿನಷ್ಟು ಹೆಚ್ಚು ಉದ್ದವಿತ್ತು.

“ಏ ಪುಟ್ಟಿ, ಇದ್ಯಾರದ್ದೇ?”

“ಬೇಗ ಬಾ ಬೇಗ ಬಾ ಅಂದ್ರಲ್ಲ ಮಾವ. ಕಾಲಿಗೆ ಸಿಕ್ಕಿದ್ದು ಹಾಕ್ಕೊಂಡ್ ಬಂದ್ಬುಟ್ಟೆ.”

ಸರ್ಕಾರಿ ಸಂಸ್ಥೆಯಿಂದ ಇನ್ನೊಂದು ಮಗುವಿನ ವಸ್ತು ಹೊರಗೆ ಬಂದಿದೆ, ಇದರಿಂದ ಸಮಿತಿಯ ಆದೇಶಕ್ಕೇನಾದರೂ ತೊಂದರೆಯೇ ಎಂದು ನಾನು ಗಟ್ಟಿಯಾಗಿಯೇ ಯೋಚಿಸಿರಬೇಕು. “ಚಪ್ಪಲಿಗೆಲ್ಲ ಯಾರೂ ಮಗೂನ ವಾಪಸ್ ಕರ್ಕೊಂಡ್ ಹೋಗಲ್ಲ ಕಣ್ರೀ,” ಎಂದಳು ಹೆಂಡತಿ.

ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದು ಬಗ್ಗಿ ಆ ಕೆಂಪು ಚಪ್ಪಲಿಯನ್ನು ಎತ್ತಿಕೊಂಡರು. ತಿರುಗಿಸಿ ಅಡಿ ನೋಡಿದರು.

“ಇದು ನಮ್ ಹುಡ್ಗೀದು. ಹೋದ್ ವಾರ ನಾನೇ ಕೊಡ್ಸಿದ್ದು.”

ಅವರು ಸೆರಗಿನಿಂದ ಚಪ್ಪಲಿಯ ಧೂಳು ಒರೆಸಿ, ಅದನ್ನು ತಮ್ಮ ಕೈಚೀಲದೊಳಗೆ ಹಾಕಿಕೊಂಡರು.

“ನಾಳೆ ಭೇಟಿ ದಿನ ಅಲ್ಲ,” ಎಂದು ನನ್ನತ್ತ ತಿರುಗಿದರು. ಮುಖ ಅರಳಿತ್ತು. “ಆದ್ರೆ ನಮ್ ಹುಡ್ಗಿ ಒಂಟಿ ಚಪ್ಲೀಲಿ ಅವ್ಳೆ, ಕೊಟ್ಬುಟ್ ಓಯ್ತೀನಿ ಅಂದ್ರೆ ಬ್ಯಾಡ ಅಂದಾರಾ ಸ್ವಾಮಿ?”